ಯಾವ ಚಿರತೆ ಎಂಬ ಪ್ರಶ್ನೆ

(ತುಮಕೂರಿನಲ್ಲಿ ಜೀವವಿಜ್ಞಾನದ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಮಲೆನಾಡಿನವರಿಗೆ ತುಮಕೂರಿನ ಚಿರತೆಯ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಕಾರಣ ಸರಳವಾಗಿದೆ. ಬಯಲುಸೀಮೆಯಲ್ಲಿ ಬೋನಿಗೆ ಬಿದ್ದ ಚಿರತೆಯನ್ನು ದೂರದ ಯಾವುದಾದರೊಂದು ಕಾಡಿಗೆ ಒಯ್ದು ಬಿಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದ ರೂಢಿ. ಆ ಕಾಡಿನ ಅಂಚಿನಲ್ಲಿಯೂ ಊರುಗಳಿವೆ, ಕೊಟ್ಟಿಗೆಗಳಿವೆ, ಶಾಲೆಗೆ ನಡೆದುಹೋಗುವ ಮಕ್ಕಳಿದ್ದಾರೆ. ಬೋನಿನ ಬಾಗಿಲು ನಿಮ್ಮಲ್ಲಿ ಮುಚ್ಚಿ ನಮ್ಮಲ್ಲಿ ತೆರೆಯುತ್ತದೆ. ಆದುದರಿಂದ ಈ ವಿಷಯದಲ್ಲಿ ನಾವು ಮತ್ತು ನೀವು ನೆಂಟರು.

2019ರ ಅಕ್ಟೋಬರಿನಿಂದ 2020ರ ಫೆಬ್ರವರಿಯ ಕೊನೆಯವರೆಗೆ ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳು ಒಂದನ್ನೊಂದು ಮುಟ್ಟುವ ಸೀಮೆಯಲ್ಲಿ, ಹೆಬ್ಬೂರಿನ ಆಸುಪಾಸಿನ ಹಳ್ಳಿಗಳಲ್ಲಿ, ಚಿರತೆಯ ಬಾಯಿಗೆ ಸಿಕ್ಕು ಜನ ಸತ್ತದ್ದನ್ನು ನೀವು ಮರೆತಿರಲಾರಿರಿ. ಸತ್ತವರಲ್ಲಿ ವಯಸ್ಸಾದವರಿದ್ದರು, ಇನ್ನೂ ಅಕ್ಷರಾಭ್ಯಾಸದ ವಯಸ್ಸಿನ ಇಬ್ಬರು ಕಂದಮ್ಮಗಳಿದ್ದರು. ಆ ತಂದೆತಾಯಿಗಳ ಎದುರು ನಿಂತು ಜೀವವೈವಿಧ್ಯದ ಮಹತ್ವವನ್ನು ವಿವರಿಸುವ ಧೈರ್ಯ ನನಗಂತೂ ಇಲ್ಲ. ಪರಿಸರದ ಕೆಲಸದಲ್ಲಿರುವವರು ಮೊದಲು ಒಪ್ಪಿಕೊಳ್ಳಬೇಕಾದ ಮಾತು ಇದು: ಚಿರತೆಯ ಉಳಿವಿನ ಬೆಲೆಯನ್ನು ತೆರುವವರು ನಗರದಲ್ಲಿ ಕುಳಿತು ಲೇಖನ ಬರೆಯುವವರಲ್ಲ, ಗುಡ್ಡದ ಬುಡದಲ್ಲಿ ಕುರಿ ಮೇಯಿಸುವವರು.

ಆ ತಿಂಗಳುಗಳಲ್ಲಿ ಬೋನುಗಳು ಬಂದವು, ಕ್ಯಾಮೆರಾಗಳು ಬಂದವು, ಅರಿವಳಿಕೆಯ ಬಂದೂಕು ಹಿಡಿದ ವೈದ್ಯರು ಬಂದರು. ಹಲವು ಚಿರತೆಗಳು ಬೋನಿಗೂ ಬಿದ್ದವು. ಇಂತಹ ಸಂದರ್ಭದಲ್ಲಿ ಒಂದು ಚಿರತೆ ಬೋನಿಗೆ ಬಿದ್ದೊಡನೆ ಜನ ಕೇಳುವ ಪ್ರಶ್ನೆ ಒಂದೇ: 'ಇದೇನಾ ಅದು?' ಹಳ್ಳಿಯ ಅಜ್ಜಿಯೊಬ್ಬಳು ಕೇಳುವ ಈ ಪ್ರಶ್ನೆ ಶುದ್ಧ ವೈಜ್ಞಾನಿಕ ಪ್ರಶ್ನೆ. ಕೊಂದದ್ದು ಯಾವ ಚಿರತೆ? ಎಲ್ಲ ಸಾವುಗಳಿಗೂ ಒಂದೇ ಪ್ರಾಣಿ ಕಾರಣವೇ, ಬೇರೆ ಬೇರೆಯವೇ? ಬೋನಿನಲ್ಲಿ ಗುರುಗುಟ್ಟುತ್ತಿರುವುದು ಅಪರಾಧಿಯೋ, ನಾಯಿಯ ಆಸೆಗೆ ಬಂದು ಸಿಕ್ಕಿಕೊಂಡ ಬಡಪಾಯಿಯೋ? ಇದಕ್ಕೆ ಉತ್ತರ ದೊರೆಯದಿದ್ದರೆ ಎರಡು ಬಗೆಯ ಅನ್ಯಾಯ ನಡೆಯುತ್ತದೆ. ತಪ್ಪು ಪ್ರಾಣಿ ಸೆರೆಯಾಗುವುದು ಚಿಕ್ಕ ಅನ್ಯಾಯ. ಸಿಕ್ಕಿತೆಂದು ನಂಬಿ ಜನ ಮತ್ತೆ ಕತ್ತಲಲ್ಲಿ ಮಕ್ಕಳನ್ನು ಅಂಗಳಕ್ಕೆ ಬಿಡುವುದು ದೊಡ್ಡ ಅನ್ಯಾಯ.

ತೇಜಸ್ವಿಯವರು ಕನ್ನಡಕ್ಕೆ ತಂದ ಕಾರ್ಬೆಟ್ ಮತ್ತು ಆಂಡರ್ಸನ್ನರ ಕಾಡಿನ ಕಥೆಗಳನ್ನು ಓದಿ ಬೆಳೆದ ನಮಗೆಲ್ಲ, ಬೇಟೆಗಾರನು ಹೆಜ್ಜೆಗುರುತು ನೋಡಿದ ಮಾತ್ರಕ್ಕೆ ನರಭಕ್ಷಕನನ್ನು ಗುರುತಿಸಬಲ್ಲನೆಂಬ ನಂಬಿಕೆ ಬಲವಾಗಿ ಕೂತಿದೆ. ಕಾರ್ಬೆಟ್ 1926ರಲ್ಲಿ ಹೊಡೆದ ರುದ್ರಪ್ರಯಾಗದ ಚಿರತೆ ಎಂಟು ವರ್ಷಗಳಲ್ಲಿ 125 ಜನರನ್ನು ಕೊಂದಿತ್ತೆಂಬುದು ದಾಖಲೆ. ಕಾರ್ಬೆಟ್ಟನಂತಹ ಕಣ್ಣು ಸಾವಿರಕ್ಕೊಬ್ಬರಿಗೆ ಇದ್ದೀತು. ಆದರೆ ಹೆಜ್ಜೆಗುರುತು ಮಣ್ಣು ಸಡಿಲವಾಗಿದ್ದರೆ ಹಿಗ್ಗುತ್ತದೆ, ಗಟ್ಟಿಯಾಗಿದ್ದರೆ ಕುಗ್ಗುತ್ತದೆ, ಪ್ರಾಣಿ ಓಡಿದರೆ ಆಕಾರವೇ ಬದಲಾಗುತ್ತದೆ. ನಮ್ಮ ದೇಶದಲ್ಲಿ ದಶಕಗಳ ಕಾಲ ಹುಲಿಗಳನ್ನು ಹೆಜ್ಜೆಗುರುತಿನ ಅಚ್ಚು ತೆಗೆದೇ ಎಣಿಸಲಾಗುತ್ತಿತ್ತು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದು, ಕಾಡಿನಲ್ಲಿ ಒಂದೂ ಇಲ್ಲವೆಂಬುದು 2004-05ರಲ್ಲಿ ಬಯಲಾದ ಮೇಲೆ ಆ ವಿಧಾನಕ್ಕೆ ರಾಷ್ಟ್ರಮಟ್ಟದ ಗಣತಿಯಲ್ಲಿ ವಿದಾಯ ಹೇಳಲಾಯಿತು.

ಅದರ ಸ್ಥಾನಕ್ಕೆ ಬಂದ ಕ್ಯಾಮೆರಾ ಟ್ರ್ಯಾಪ್ ಮೂಲತಃ ನಮ್ಮ ನಾಡಿನಲ್ಲಿಯೇ ಪಳಗಿದ ವಿದ್ಯೆ ಎಂಬುದನ್ನು ಹೆಮ್ಮೆಯಿಂದ ನೆನೆಯಬೇಕು. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳ ಪಟ್ಟೆಗಳನ್ನು ಛಾಯಾಚಿತ್ರದಲ್ಲಿ ಹಿಡಿದು ಸಂಖ್ಯೆಯನ್ನು ಅಂದಾಜಿಸುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. ಚಿರತೆಯ ಮೈಮೇಲಿನ ಚುಕ್ಕೆಗಳ ಗುಚ್ಛವೂ ಹುಲಿಯ ಪಟ್ಟೆಯಂತೆಯೇ; ಒಂದರದು ಇನ್ನೊಂದಕ್ಕೆ ಹೋಲುವುದಿಲ್ಲ. ಎಡ ಮೈಯ ಚುಕ್ಕೆಗೂ ಬಲ ಮೈಯ ಚುಕ್ಕೆಗೂ ಸಂಬಂಧವಿಲ್ಲವಾದ್ದರಿಂದ ದಾರಿಯ ಎರಡೂ ಬದಿಗೆ ಎದುರು ಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ, ಹೆಚ್ಚೂಕಡಿಮೆ ನಮ್ಮ ಮೊಣಕಾಲಿನ ಎತ್ತರಕ್ಕೆ. ಪ್ರಾಣಿ ಹಾದುಹೋದಾಗ ಎರಡೂ ಒಟ್ಟಿಗೆ ಚಿತ್ರ ತೆಗೆಯುತ್ತವೆ.

ಚಿತ್ರ ಸಿಕ್ಕಷ್ಟೇ ಚಿರತೆಗಳಿವೆ ಎಂದಲ್ಲ. ಇಲ್ಲಿಯ ಲೆಕ್ಕವನ್ನು ನಿಮ್ಮ ಕುಣಿಗಲ್ ಕೆರೆಯ ಉದಾಹರಣೆಯಿಂದಲೇ ಹೇಳುತ್ತೇನೆ. ಕೆರೆಯಲ್ಲಿ ಒಂದು ಜಾತಿಯ ಮೀನು ಎಷ್ಟಿವೆ ಎಂದು ತಿಳಿಯಬೇಕು, ನೀರು ಬಸಿಯುವಂತಿಲ್ಲ. ಮೊದಲ ದಿನ 60 ಮೀನು ಹಿಡಿದು, ರೆಕ್ಕೆಗೆ ಗುರುತು ಮಾಡಿ ಬಿಟ್ಟೆವೆನ್ನಿ. ಕೆಲವು ದಿನ ಕಳೆದು ಮತ್ತೆ ಬಲೆ ಬೀಸಿದಾಗ ಸಿಕ್ಕ 50ರಲ್ಲಿ 10ಕ್ಕೆ ನಮ್ಮ ಗುರುತಿದ್ದರೆ, ಐದರಲ್ಲೊಂದು ನಮ್ಮದು ಎಂದಾಯಿತು. ಹಾಗಾದರೆ ನಾವು ಗುರುತು ಮಾಡಿದ 60, ಒಟ್ಟು ಮೀನಿನ ಐದನೆಯ ಒಂದು ಪಾಲು. ಕೆರೆಯಲ್ಲಿ ಸುಮಾರು 300 ಇರಬೇಕು. ಚಿರತೆಗೆ ನಾವು ಗುರುತು ಮಾಡಬೇಕಿಲ್ಲ, ಪ್ರಕೃತಿಯೇ ಮಾಡಿ ಕಳುಹಿಸಿದೆ. ಇಂದಿನ ಗಣಿತ ಇದಕ್ಕಿಂತ ಬಹಳ ಮುಂದೆ ಹೋಗಿದೆ, ಯಾವ ಕ್ಯಾಮೆರಾದಲ್ಲಿ ಯಾವ ಪ್ರಾಣಿ ಸಿಕ್ಕಿತೆಂಬ ಸ್ಥಳದ ಮಾಹಿತಿಯನ್ನೂ ಸೇರಿಸಿಕೊಳ್ಳುತ್ತದೆ; ತಳದ ತರ್ಕ ಮಾತ್ರ ಇದೇ.

ಈ ವಿಧಾನದಿಂದ ರಾಷ್ಟ್ರಮಟ್ಟದಲ್ಲಿ ನಡೆದ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ 13,874 ಚಿರತೆಗಳಿದ್ದವು, ಕರ್ನಾಟಕದಲ್ಲಿ 1,879. 32,803 ಸ್ಥಳಗಳಲ್ಲಿ ಕ್ಯಾಮೆರಾ ಕಟ್ಟಿ ಮಾಡಿದ ಮಹತ್ತಾದ ಕೆಲಸ ಅದು, ಸಂಶಯವಿಲ್ಲ. ಆದರೆ ಆ ಗಣತಿ ಮುಖ್ಯವಾಗಿ ಹುಲಿಯಿರುವ ರಾಜ್ಯಗಳ ಕಾಡುಗಳನ್ನು ಹಿಡಿದು ನಡೆದದ್ದು. ಹುಲಿಯನ್ನು ಹುಡುಕಿಕೊಂಡು ಹೋದವರಿಗೆ ದಾರಿಯಲ್ಲಿ ಚಿರತೆ ಸಿಕ್ಕಿತು ಎನ್ನಬಹುದು. ಹುಲಿಯೇ ಇಲ್ಲದ ಬಯಲುಸೀಮೆಯ ಕಲ್ಲುಗುಡ್ಡಗಳ ಚಿರತೆಯ ಲೆಕ್ಕವನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಇತ್ತ 2015ರಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನೇ ವೈಜ್ಞಾನಿಕವಾಗಿ ಜೋಡಿಸಿ ನೋಡಿದಾಗ, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳನ್ನು ಬಿಟ್ಟು ಕರ್ನಾಟಕದ ಸುಮಾರು 84,000 ಚದರ ಕಿ.ಮೀ. ಪ್ರದೇಶದಲ್ಲಿ, ಅಂದರೆ ರಾಜ್ಯದ ಶೇ. 47ರಷ್ಟು ನೆಲದಲ್ಲಿ ಚಿರತೆ ಇರುವುದು ಕಂಡುಬಂತು. ನಿಮ್ಮ ಜಿಲ್ಲೆಯ ಊರಿನ ಹೆಸರನ್ನೇ ತಮ್ಮ ಹೆಸರಿನಲ್ಲಿಟ್ಟುಕೊಂಡ ಸಂಜಯ್ ಗುಬ್ಬಿಯವರು ಸಂಗಡಿಗರೊಡನೆ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ, ಪ್ರತಿ ಗುಡ್ಡಕ್ಕೂ ತನ್ನದೊಂದು ಚಿರತೆ. ದೇವರಾಯನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ ಎಂದು ದುರ್ಗಗಳ ಸಾಲನ್ನೇ ಇಟ್ಟುಕೊಂಡ ನಿಮಗೆ ಇದನ್ನು ವಿಸ್ತರಿಸಿ ಹೇಳಬೇಕಿಲ್ಲ.

ಕ್ಯಾಮೆರಾ ಹೇಳುವುದು ಯಾವ ಚಿರತೆ ಎಲ್ಲಿ ಓಡಾಡುತ್ತದೆ ಎಂದು. ಏನು ತಿನ್ನುತ್ತದೆ ಎಂದು ತಿಳಿಯಲು ಅದರ ಮಲವನ್ನು ಹುಡುಕಬೇಕು. ಮೂಗು ಮುರಿಯಬೇಡಿ, ಈ ಶಾಸ್ತ್ರದಲ್ಲಿ ಅಗ್ಗದ ಸಾಮಗ್ರಿಯಿಂದ ಅತಿ ಹೆಚ್ಚು ತಿಳಿವಳಿಕೆ ಕೊಡುವ ಕೆಲಸ ಇದು, ಮತ್ತು ಇಂದಿನ ನನ್ನ ಮಾತಿನ ಹೆಚ್ಚಿನ ಭಾಗ ಇದಕ್ಕೇ ಮೀಸಲು. ಚಿರತೆ ತಿಂದ ಪ್ರಾಣಿಯ ಮಾಂಸ ಜೀರ್ಣವಾಗುತ್ತದೆ, ಕೂದಲು ಆಗುವುದಿಲ್ಲ. ಮಲವನ್ನು ಸಣ್ಣ ಜರಡಿಯ ಮೇಲೆ ನೀರಿನಲ್ಲಿ ತೊಳೆದರೆ ಕೂದಲು, ಉಗುರು, ಗೊರಸಿನ ಚೂರು, ಮೂಳೆಯ ತುಣುಕು ಉಳಿಯುತ್ತವೆ. ಅವನ್ನು ಒಣಗಿಸಿ, ಒಂದು ಮಾದರಿಯಿಂದ ಕಣ್ಣಿಗೆ ಬಿದ್ದವನ್ನಲ್ಲ, ಯಾದೃಚ್ಛಿಕವಾಗಿ ಕನಿಷ್ಠ ಇಪ್ಪತ್ತು ಕೂದಲುಗಳನ್ನು ಆರಿಸಬೇಕು. ಗಾಜಿನ ಪಟ್ಟಿಯ ಮೇಲೆ ಜೆಲಾಟಿನ್ ಸವರಿ ಕೂದಲನ್ನು ಒತ್ತಿ ತೆಗೆದರೆ ಅದರ ಹೊರಮೈಯ ಹುರುಪೆಗಳ ಅಚ್ಚು ಮೂಡುತ್ತದೆ. ಇನ್ನೊಂದು ಕೂದಲನ್ನು ಕ್ಸೈಲೀನಿನಲ್ಲಿ ನೆನೆಸಿ ತಿಳಿಯಾಗಿಸಿದರೆ ಒಳಗಿನ ತಿರುಳಿನ ವಿನ್ಯಾಸ ಕಾಣುತ್ತದೆ. ಹುರುಪೆ ಮತ್ತು ತಿರುಳನ್ನು ಒಟ್ಟಿಗೆ ನೋಡಿದರೆ ನಾಯಿಯ ಕೂದಲಾವುದು, ಮೇಕೆಯದಾವುದು, ಮೊಲದ್ದಾವುದು, ಕಾಡುಹಂದಿಯದಾವುದು ಎಂದು ಬೇರ್ಪಡಿಸಬಹುದು. ಹೋಲಿಸಿ ನೋಡಲು ಆ ಪ್ರಾಣಿಗಳ ಕೂದಲಿನ ಪಟ್ಟಿಗಳು ಮೊದಲೇ ಸಿದ್ಧವಾಗಿರಬೇಕು, ಅಷ್ಟೆ. ಮಲದಲ್ಲಿ ಚಿರತೆಯ ಕೂದಲೂ ಸಿಗುವುದುಂಟು, ಬೆಕ್ಕಿನ ಜಾತಿ ತನ್ನ ಮೈ ತಾನೇ ನೆಕ್ಕಿಕೊಳ್ಳುವುದರಿಂದ. ಅದನ್ನು ಊಟದ ಲೆಕ್ಕಕ್ಕೆ ಸೇರಿಸಬಾರದು. ಸಣ್ಣ ಪ್ರಾಣಿಗೆ ಮಾಂಸಕ್ಕಿಂತ ಕೂದಲಿನ ಪ್ರಮಾಣ ಹೆಚ್ಚಾದ್ದರಿಂದ ಮೊಲ ಮಲದಲ್ಲಿ ತನ್ನ ಯೋಗ್ಯತೆಗಿಂತ ಹೆಚ್ಚು ಸಲ ಕಾಣಿಸಿಕೊಳ್ಳುತ್ತದೆ. ಅದನ್ನು ಸರಿದೂಗಿಸುವ ಸೂತ್ರಗಳಿವೆ.

ಇದರಿಂದ ಆಗುವ ಪ್ರಯೋಜನಕ್ಕೆ ಮಹಾರಾಷ್ಟ್ರದ ಅಹ್ಮದನಗರ ಜಿಲ್ಲೆಯ ಅಕೋಲೆಯ ಕಣಿವೆಯನ್ನು ನೋಡಿ. ಆ ಜಿಲ್ಲೆಗೆ ಈಗ ಅಹಿಲ್ಯಾನಗರವೆಂದು ಹೆಸರು. ಸುತ್ತಲೂ ಕಬ್ಬಿನ ಗದ್ದೆ, ಕಾಡೆನ್ನುವುದು ಹೆಸರಿಗೆ ಮಾತ್ರ. ಅಲ್ಲಿ 100 ಚದರ ಕಿ.ಮೀ.ಗೆ ಸುಮಾರು 5 ವಯಸ್ಕ ಚಿರತೆಗಳಿರುವುದನ್ನು ಅತ್ರೇಯರ ತಂಡ ಕ್ಯಾಮೆರಾಗಳಿಂದ ತೋರಿಸಿತು. ಅವು ತಿನ್ನುತ್ತಿದ್ದುದೇನು? ಮಲದ ಪರೀಕ್ಷೆಯ ಪ್ರಕಾರ ಆಹಾರದ ತೂಕದಲ್ಲಿ ಶೇ. 87 ಸಾಕುಪ್ರಾಣಿಗಳು, ಅದರಲ್ಲಿಯೂ ನಾಯಿಯೊಂದೇ ಶೇ. 39. ಮೇಕೆಗಳ ಸಂಖ್ಯೆ ಆ ಊರುಗಳಲ್ಲಿ ನಾಯಿಗಳಿಗಿಂತ ಬಹಳ ಹೆಚ್ಚಿದ್ದರೂ ರಾತ್ರಿ ಕೊಟ್ಟಿಗೆಯೊಳಗೆ ಭದ್ರವಾಗಿದ್ದ ಮೇಕೆಗಿಂತ ಬೀದಿಯ ನಾಯಿ ಚಿರತೆಗೆ ಸುಲಭದ ತುತ್ತು. ಅಂದ ಮೇಲೆ ಊರ ಹೊರಗೆ ಕೋಳಿಯಂಗಡಿಯ ಕಸ ಸುರಿದು ನಾಯಿಗಳನ್ನು ಸಾಕುವ ನಮ್ಮ ಪಟ್ಟಣಗಳು ತಿಳಿಯದೆಯೇ ಚಿರತೆಯನ್ನೂ ಸಾಕುತ್ತಿವೆ. ತುಮಕೂರಿನ ಹೊರವಲಯಕ್ಕೆ ಈ ಮಾತು ಅನ್ವಯಿಸುತ್ತದೆಯೋ ಇಲ್ಲವೋ ಎಂಬುದನ್ನು ಊಹೆಯಿಂದ ಹೇಳಬಾರದು. ಮಲ ತೊಳೆದು ಹೇಳಬೇಕು.

ಇನ್ನು 'ಇದೇನಾ ಅದು' ಎಂಬ ಅಜ್ಜಿಯ ಪ್ರಶ್ನೆಗೆ ಬರೋಣ. ಕ್ಯಾಮೆರಾದಲ್ಲಿ ಚಿರತೆ ಸಾವಿನ ಸ್ಥಳದ ಸಮೀಪ ಸಿಕ್ಕಿತೆಂದರೆ ಅದು ಅಲ್ಲಿ ಓಡಾಡಿತೆಂದಷ್ಟೇ ಅರ್ಥ. ಕಚ್ಚಿದ ಬಾಯಿಯ ಗುರುತು ಇರುವುದು ಗಾಯದಲ್ಲಿ, ಜೊಲ್ಲಿನ ರೂಪದಲ್ಲಿ. ಜೊಲ್ಲಿನೊಡನೆ ಪ್ರಾಣಿಯ ಬಾಯಿಯ ಜೀವಕೋಶಗಳೂ ಅಂಟಿರುತ್ತವೆ, ಅವುಗಳ ಡಿ.ಎನ್.ಎ.ಯನ್ನು ಪಿ.ಸಿ.ಆರ್. ಯಂತ್ರದಲ್ಲಿ ದ್ವಿಗುಣಿಸುತ್ತ ಹೋಗಿ ಮೊದಲು ಜಾತಿಯನ್ನು, ಅನಂತರ ಗಂಡೋ ಹೆಣ್ಣೋ ಎಂಬುದನ್ನು, ಕೊನೆಗೆ ನಿರ್ದಿಷ್ಟ ಪ್ರಾಣಿಯನ್ನು ಗುರುತಿಸಲು ಸಾಧ್ಯ. ಡಿ.ಎನ್.ಎ.ಯಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಪುನರಾವರ್ತನೆಯಾಗುವ ಕೆಲವು ಜಾಗಗಳಿವೆ. ಎಷ್ಟು ಸಲ ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಇಂತಹ ಹತ್ತಾರು ಜಾಗಗಳನ್ನು ಒಟ್ಟಿಗೆ ಓದಿದರೆ ಅದು ಬೆರಳಚ್ಚಿನಂತೆ. ಚಿರತೆಗೆಂದೇ ಇಂತಹ ಗುರುತುಗಳ ಒಂದು ಸಮೂಹವನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 2009ರಲ್ಲಿಯೇ ಪ್ರಕಟಿಸಿದೆ. ತುಮಕೂರಿನಿಂದ ಎರಡು ಗಂಟೆಯ ದಾರಿ. ಹೈದರಾಬಾದಿನಲ್ಲಿ ಅಳಿವಿನಂಚಿನ ಜೀವಿಗಳಿಗಾಗಿಯೇ ಸ್ಥಾಪಿತವಾದ ಲ್ಯಾಕೋನ್ಸ್ ಪ್ರಯೋಗಾಲಯವಿದೆ. ವಿದ್ಯೆಗೆ ಕೊರತೆಯಿಲ್ಲ.

ಕೊರತೆಯಿರುವುದು ಮೊದಲ ಒಂದೆರಡು ಗಂಟೆಗಳಲ್ಲಿ. ದೇಹ ಸಿಕ್ಕೊಡನೆ ದುಃಖದಲ್ಲಿರುವವರು ಮಾಡುವ ಮೊದಲ ಕೆಲಸ ಮುಖದ ರಕ್ತವನ್ನು ಒರೆಸುವುದು. ಅದು ಮನುಷ್ಯಸಹಜ, ತಡೆಯಲು ನಾವು ಯಾರು? ಆದರೆ ಮರಣೋತ್ತರ ಪರೀಕ್ಷೆಗೆ ಬರುವ ವೈದ್ಯರ ಬಳಿ ಶುಚಿಯಾದ ಹತ್ತಿಯ ಕಡ್ಡಿಗಳೂ ಮುಚ್ಚಳದ ಕೊಳವೆಗಳೂ ಇದ್ದು, ಗಾಯದ ಅಂಚನ್ನು, ಹರಿದ ಬಟ್ಟೆಯ ತೇವದ ಭಾಗವನ್ನು ಮೊದಲು ಒರೆಸಿಕೊಂಡು, ನೆರಳಿನಲ್ಲಿ ಒಣಗಿಸಿ, ಮೊಹರು ಮಾಡಿದರೆ ಸಾಕ್ಷ್ಯ ಉಳಿಯುತ್ತದೆ. ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಸ್ಟು ಹಿಡಿದು ಎಲ್ಲವೂ ಹಾಳು. ಬೋನಿಗೆ ಬಿದ್ದ ಪ್ರತಿಯೊಂದು ಚಿರತೆಯ ಎರಡೂ ಮಗ್ಗುಲಿನ ಛಾಯಾಚಿತ್ರ ಮತ್ತು ಒಂದು ಹನಿ ರಕ್ತ ತೆಗೆದಿಟ್ಟರೆ ಹೋಲಿಕೆಗೆ ಇನ್ನೊಂದು ಬದಿಯೂ ಸಿದ್ಧ. ಕೋಟಿಗಳ ಯೋಜನೆ ಇದಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ, ಪಶು ಆಸ್ಪತ್ರೆಯಲ್ಲಿ, ವಲಯ ಅರಣ್ಯ ಕಚೇರಿಯಲ್ಲಿ ಒಂದೊಂದು ಪೆಟ್ಟಿಗೆ ಇಟ್ಟರೆ ಸಾಕು. ಕರುವನ್ನೋ ಮೇಕೆಯನ್ನೋ ಕೊಂದಾಗಲೂ ಇದೇ ಕ್ರಮ ಅನುಸರಿಸಿದರೆ ಮನುಷ್ಯನ ಮೇಲೆ ಬೀಳುವ ಮುನ್ನವೇ ಆ ಸೀಮೆಯ ಪ್ರಾಣಿಗಳ ಪರಿಚಯ ನಮಗಿರುತ್ತದೆ.

ಇಷ್ಟೆಲ್ಲ ಏಕೆ, ಸಿಕ್ಕಿದ್ದನ್ನೆಲ್ಲ ಹಿಡಿದು ದೂರ ಬಿಟ್ಟರಾಯಿತಲ್ಲ ಎನ್ನುವವರಿಗೆ ಪುಣೆ ಜಿಲ್ಲೆಯ ಜುನ್ನರದ ಅನುಭವವೇ ಉತ್ತರ. ಅಲ್ಲಿ 2001ರಿಂದ ಚಿರತೆಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ಬೇರೆಡೆ ಬಿಡಲಾಯಿತು. ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿಗಳು ಅನಂತರ 17ಕ್ಕೆ ಏರಿದವು. ಖಾಲಿಯಾದ ಗುಡ್ಡಕ್ಕೆ ನೆರೆಯ ಚಿರತೆ ಬಂದು ಸೇರುತ್ತದೆ. ಬಿಟ್ಟ ಚಿರತೆ ಗೊತ್ತಿಲ್ಲದ ನೆಲದಲ್ಲಿ, ಬೋನಿನಲ್ಲಿ ಹಲ್ಲು ಮುರಿದುಕೊಂಡು, ಗಾಬರಿಗೊಂಡು ಅಲೆಯುತ್ತದೆ. 2009ರಲ್ಲಿ ಬಾವಿಗೆ ಬಿದ್ದು ಸಿಕ್ಕ ಗಂಡು ಚಿರತೆಯೊಂದಕ್ಕೆ ಕೊರಳಪಟ್ಟಿ ಹಾಕಿ ಮಾಳಶೇಜ ಘಾಟಿನಲ್ಲಿ ಬಿಟ್ಟಾಗ, ಅದು ತಿಂಗಳೊಳಗೆ ಸುಮಾರು 120 ಕಿ.ಮೀ. ನಡೆದು ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು ಸೇರಿತು. ದಾರಿಯಲ್ಲಿ ಹೆದ್ದಾರಿ, ರೈಲುಹಳಿ, ಊರು, ಖಾರಿ ಎಲ್ಲವನ್ನೂ ದಾಟಿತು, ಒಬ್ಬರನ್ನೂ ಮುಟ್ಟಲಿಲ್ಲ. ಸಂಶೋಧಕರು ಅದಕ್ಕೆ 'ಆಜೋಬಾ' ಎಂದು, ಅಂದರೆ ಅಜ್ಜ ಎಂದು ಹೆಸರಿಟ್ಟಿದ್ದರು. 2011ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತಾಗ ಅದನ್ನು ಗುರುತಿಸಿದ್ದು ಮೈಯೊಳಗಿದ್ದ ಮೈಕ್ರೋಚಿಪ್. ಹೀಗಾಗಿ ಮಲೆನಾಡಿಗೆ ತಂದು ಬಿಟ್ಟ ಚಿರತೆ ಮಲೆನಾಡಿನಲ್ಲಿಯೇ ಉಳಿಯುತ್ತದೆಂಬ ಖಾತ್ರಿ ನಿಮಗೂ ಬೇಡ, ನಮಗೂ ಬೇಡ. ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಹೀಗೆ ದೂರ ಸಾಗಿಸುವುದಕ್ಕೆ ವಿರುದ್ಧವಾಗಿಯೇ ಇದೆ.

ಮನುಷ್ಯರನ್ನು ಬೇಟೆಯಾಡಲು ತೊಡಗಿದ ಚಿರತೆಯನ್ನು ಉಳಿಸಬೇಕೆಂದು ನಾನು ವಾದಿಸುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ವಿಧಿ ಅಂತಹ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಧಿಕಾರ ಕೊಟ್ಟಿದೆ. ಆದೇಶ ಲಿಖಿತವಾಗಿರಬೇಕು, ಕಾರಣ ಹೇಳಬೇಕು, ಹಿಡಿಯಲು ಸಾಧ್ಯವಿಲ್ಲವೆಂಬುದು ಮನವರಿಕೆಯಾಗಿರಬೇಕು. 'ಅಂತಹ ಪ್ರಾಣಿ' ಎಂದು ಕಾಯ್ದೆ ಹೇಳುವಾಗ ಯಾವ ಪ್ರಾಣಿ ಎಂಬುದು ಗೊತ್ತಿರಬೇಡವೆ? ಕಾಯ್ದೆಗೂ ಪ್ರಯೋಗಾಲಯ ಬೇಕಾಗುವುದು ಇಲ್ಲಿ.

ಗಿಡಮರಗಳ ಮಾತನ್ನು ಬಿಡುವಂತಿಲ್ಲ. ನಿಮ್ಮ ಗುಡ್ಡಗಳ ತುಗ್ಗಲಿ, ದಿಂಡಿಗ, ಬಂದರಿಕೆ, ಕಾರೆ, ಕವಳೆಗಳ ಕುರುಚಲು ಕಾಡನ್ನು ಸರ್ಕಾರಿ ಕಾಗದಗಳಲ್ಲಿ ಬಹುಕಾಲ ಪಾಳು ಎಂದು ಬರೆಯಲಾಯಿತು. ಮೊಲ, ಮುಳ್ಳುಹಂದಿ, ನವಿಲು ಬದುಕುವುದು ಆ ಪಾಳಿನಲ್ಲಿಯೇ. ದೇವರಾಯನದುರ್ಗದ ಬಂಡೆಗಳ ನಡುವಿನ ಪೊದೆಗಳಲ್ಲಿ ಕಾಣಸಿಗುವ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಇಂತಹ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಬುಕ್ಕಾಪಟ್ಟಣದ ಒಣಕಾಡಿನಲ್ಲಿ ಚಿಂಕಾರ ಇದೆಯೆಂದು ಕ್ಯಾಮೆರಾ ತೋರಿಸಿದ ಮೇಲೆಯೇ ಅದು 2019ರಲ್ಲಿ ಅಭಯಾರಣ್ಯವಾಯಿತು. ಪಾಳೆಂದು ಕರೆದು ನೀಲಗಿರಿ ನೆಟ್ಟಾಗ ಮೊದಲು ಸಿಡಿದೆದ್ದವರೂ ಈ ಜಿಲ್ಲೆಯ ರೈತರೇ: 1983ರ ಆಗಸ್ಟಿನಲ್ಲಿ ಅವರು ಸಸ್ಯಪಾಲನಾ ಕ್ಷೇತ್ರಕ್ಕೆ ಗುಂಪಾಗಿ ನಡೆದು ನೀಲಗಿರಿ ಸಸಿಗಳನ್ನು ಕಿತ್ತು ಹುಣಿಸೆ, ಮಾವಿನ ಬೀಜ ಊರಿದ್ದು ಪರಿಸರ ಚಳವಳಿಯ ಚರಿತ್ರೆಯಲ್ಲಿ ದಾಖಲಾಗಿದೆ. ಗುಡ್ಡದಲ್ಲಿ ಕಲ್ಲುಗಣಿ ಬಂದು, ಪ್ರತಿ ಬೇಸಿಗೆ ಬೆಂಕಿ ಬಿದ್ದು ಮೊಲ, ಹಂದಿಗಳು ಕಡಿಮೆಯಾದರೆ ಚಿರತೆಯ ಮಲದಲ್ಲಿ ನಾಯಿಯ ಕೂದಲು ಹೆಚ್ಚುತ್ತದೆಯೇ? ಸಸ್ಯಶಾಸ್ತ್ರದವರು ಗುಡ್ಡದ ಪೊದೆಗಳನ್ನು ಅಳೆದು, ಪ್ರಾಣಿಶಾಸ್ತ್ರದವರು ಅದೇ ಗುಡ್ಡದ ಮಲವನ್ನು ತೊಳೆದು, ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಉತ್ತರ ಸಿಗುತ್ತದೆ. ಒಂದೇ ಕಾಲೇಜಿನ ಎರಡು ವಿಭಾಗಗಳು ಮಾತನಾಡಿಕೊಂಡರೆ ಆಗುವ ಕೆಲಸ. ಹಾಗೆ ಮಾತನಾಡಿಕೊಳ್ಳುವುದು ಎಷ್ಟು ಕಷ್ಟವೆಂಬುದು ಅಧ್ಯಾಪಕ ಮಿತ್ರರಿಗೆ ಗೊತ್ತು.

ತುಮಕೂರಿನ ಹವ್ಯಾಸಿ ನಿಸರ್ಗಪ್ರೇಮಿಗಳು ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಿಸೆಮರಗಳ ಬಣ್ಣದ ಕೊಕ್ಕರೆಗಳನ್ನು ಹೊರಜಗತ್ತಿಗೆ ತೋರಿಸಿದ್ದು 1999ರಲ್ಲಿ. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2004ರಲ್ಲಿ. ಅಂದರೆ ಇಲ್ಲಿ ಕಣ್ಣುಗಳು ಮೊದಲು ಬಂದವು, ಸೂಕ್ಷ್ಮದರ್ಶಕಗಳು ಆಮೇಲೆ ಬಂದವು. ಈಗ ಎರಡೂ ಇವೆ. ಚಿರತೆಯ ಮಲ ಸಂಗ್ರಹಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ಅರ್ಜಿ ಬರೆಯಬೇಕು, ಕಾಯಬೇಕು. ಗುಡ್ಡಕ್ಕೆ ಒಬ್ಬೊಬ್ಬರೇ ಹೋಗಬಾರದು, ಸಂಜೆಯ ಮೇಲೆ ಯಾರೂ ಹೋಗಬಾರದು. ಆದರೆ ಹೋಲಿಕೆಯ ಕೂದಲಿನ ಪಟ್ಟಿಗಳನ್ನು ಸಿದ್ಧಪಡಿಸಲು ಕಾಯಬೇಕಾಗಿಲ್ಲ. ನಾಯಿ, ಬೆಕ್ಕು, ಕುರಿ, ಮೇಕೆ, ದನ, ಎಮ್ಮೆ, ಹಂದಿ ಇವಿಷ್ಟರ ಕೂದಲು ನಿಮ್ಮ ಊರುಗಳಲ್ಲಿಯೇ ಇದೆ. ಬೆನ್ನಿನದು, ಹೊಟ್ಟೆಯದು, ಬಾಲದ್ದು ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿ, ಪೊಟ್ಟಣದ ಮೇಲೆ ಊರು, ತಾರೀಖು, ಪ್ರಾಣಿಯ ವಯಸ್ಸು ಬರೆದು ತನ್ನಿ. ಹಬ್ಬಕ್ಕೆ ಊರಿಗೆ ಹೋಗುವ ಗುಬ್ಬಿ, ಕುಣಿಗಲ್ ಕಡೆಯ ವಿದ್ಯಾರ್ಥಿಗಳು ಹಿಂದಿರುಗುವಾಗ ಇದನ್ನು ತರಬಹುದು.